ಗಾಡಿ ಓಡಿಸ್ತಾ ಮೆಸೇಜ್ ಮಾಡೋ ಚಾಳಿ ಬಿಡಿಸೋದು ಹೇಗೆ? ಕೆಲಸ ಇರೋದು ಗಾಡಿ ಹೊರಡೋಕೆ ಮುಂಚೆ

ಹೋದ ತಿಂಗಳು ಅಣ್ಣನ ಜೊತೆ ಕಾರಲ್ಲಿ ಹೋಗ್ತಿದ್ದೆ, ಹೈವೇ, ಸ್ಪೀಡ್ 80ರ ಆಸುಪಾಸು, ರಸ್ತೆನೂ ಹೆಚ್ಚುಕಮ್ಮಿ ಖಾಲಿ. ಗೇರ್ ಪಕ್ಕ ಇಟ್ಟಿದ್ದ ಫೋನ್ ಟಣ್ ಅಂತು, ಸ್ಕ್ರೀನ್ ಹತ್ಕೊಳ್ತು. ಅಣ್ಣ ಅದನ್ನ ಎತ್ಕೊಂಡು ಸ್ಟೇರಿಂಗ್ ಮೇಲೆ ಒರಗಿಸ್ಕೊಂಡು ಒಂದೇ ಹೆಬ್ಬೆರಳಲ್ಲಿ ‘ಬರ್ತಿದೀನಿ’ ಅಂತ ಟೈಪ್ ಮಾಡೋಕೆ ಶುರು ಮಾಡ್ದ. ಕೀಬೋರ್ಡ್ ಆ ಪದನ ಬೇರೆ ಏನೋ ಮಾಡಿಬಿಡ್ತು, ಅದನ್ನ ಅಳಿಸಿ ಮತ್ತೆ ಹೊಡೀತಾ ಇದ್ದ, ಅಷ್ಟರಲ್ಲಿ ಮುಂದಿದ್ದ ಲಾರಿಯ ಬ್ರೇಕ್ ಲೈಟು ಕೆಂಪಗಾಯ್ತು. ನಾನು ನೋಡ್ದೆ, ಅವನು ನೋಡ್ಲಿಲ್ಲ. ‘ಅಣ್ಣಾ!’ ಅಂತ ಕಿರುಚಿದ ಮೇಲೆ ಬ್ರೇಕ್ ತುಳಿದ, ಸೀಟ್ ಬೆಲ್ಟ್ ಎದೆಗೆ ಕಚ್ಕೊಂಡು ನಿಂತ್ವಿ, ಲಾರಿ ಹಿಂದಿನ ಹಲಗೆಗೆ ಬಡಿದಿದ್ದ ಬೋಲ್ಟುಗಳನ್ನ ಎಣಿಸಬಹುದಿತ್ತು, ಅಷ್ಟು ಹತ್ರ. ಫೋನ್ ಅವನ ಕಾಲ ಹತ್ರ ಬಿದ್ದಿತ್ತು, ಬ್ರೇಕ್ ಪೆಡಲ್ ಪಕ್ಕದಲ್ಲೇ. ಎತ್ತಿ ನೋಡಿದ್ರೆ ಅತ್ತಿಗೆ ಮೆಸೇಜು, ‘ಎಲ್ಲಿದೀರಾ?’ ಅಂತ.

ನಮ್ಮಣ್ಣ ಅಡ್ಡಾದಿಡ್ಡಿ ಓಡಿಸೋನಲ್ಲ. ಬೆಲ್ಟ್ ಹಾಕದೆ ಗಾಡಿ ತೆಗೆಯಲ್ಲ, ಕುಡಿದು ಓಡಿಸೋದಂತೂ ದೂರದ ಮಾತು. ಅತ್ತಿಗೆ ಕೇಳಿದ್ದೂ ಅವನ ಮೇಲಿನ ಕಾಳಜಿಗೇ. ಇಷ್ಟು ಒಳ್ಳೆಯವರ ನಡುವೆನೇ ಹೀಗಾಗತ್ತೆ ಅಂದ್ರೆ ‘ಡ್ರೈವ್ ಮಾಡೋವಾಗ ಫೋನ್ ಮುಟ್ಟಬೇಡ’ ಅಂತ ಬುದ್ಧಿ ಹೇಳಿ ಪ್ರಯೋಜನ ಇಲ್ಲ ಅಂತ ನನಗೆ ಅವತ್ತು ಗೊತ್ತಾಯ್ತು, ಯಾಕಂದ್ರೆ ಆ ಬುದ್ಧಿ ಎಲ್ಲರಿಗೂ ಇದೆ, ಟಣ್ ಅಂದಾಗ ಅದು ಕೆಲಸಕ್ಕೆ ಬರಲ್ಲ ಅಷ್ಟೆ. ಅದಕ್ಕೇ ಆವತ್ತಿಂದ ನಮ್ಮನೇಲಿ ಏನೇನು ಬದಲಾಯಿಸಿದ್ವಿ, ಯಾವುದು ಕೆಲಸ ಮಾಡ್ತು ಅಂತ ಇಲ್ಲಿ ಬರೀತಿದೀನಿ, ಓಡಿಸೋರು ಏನು ಮಾಡಬೇಕು ಅನ್ನೋದರ ಜೊತೆ ಮನೇಲಿ ಕೂತು ಮೆಸೇಜ್ ಕಳಿಸೋರು ಏನು ಮಾಡಬೇಕು ಅನ್ನೋದೂ ಇದೆ.

ಮೊದಲು ಲೆಕ್ಕ ನೋಡಿ. 80 ಕಿ.ಮೀ. ಸ್ಪೀಡಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಹೋಗತ್ತೆ, 5 ಸೆಕೆಂಡ್ ಫೋನ್ ನೋಡಿದ್ರೆ 110 ಮೀಟರ್ ಕಣ್ಣು ಮುಚ್ಕೊಂಡು ಓಡಿಸಿದ ಹಾಗೆ. 5 ಸೆಕೆಂಡ್ ಯಾರು ನೋಡ್ತಾರೆ ಅಂತೀರಾ? ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಸಾರಿಗೆ ಸಂಶೋಧನಾ ಸಂಸ್ಥೆಯವರು ನಿಜವಾದ ಲಾರಿಗಳಲ್ಲಿ ಕ್ಯಾಮೆರಾ ಇಟ್ಟು ಅಧ್ಯಯನ ಮಾಡಿ 2009ರಲ್ಲಿ ವರದಿ ಕೊಟ್ರು, ಮೆಸೇಜ್ ಮಾಡ್ತಿದ್ದ ಡ್ರೈವರುಗಳ ಕಣ್ಣು 6 ಸೆಕೆಂಡಲ್ಲಿ 4.6 ಸೆಕೆಂಡ್ ರಸ್ತೆ ಮೇಲೆ ಇರ್ಲೇ ಇಲ್ಲ. ಅಪಘಾತ ಆಗೋ ಅಥವಾ ಕೂದಲೆಳೆಯಲ್ಲಿ ತಪ್ಪೋ ಅಪಾಯ ಮೆಸೇಜ್ ಮಾಡದೇ ಇದ್ದಾಗಿನದಕ್ಕಿಂತ 23 ಪಟ್ಟು ಜಾಸ್ತಿ ಇತ್ತು. ಸ್ಲೋ ಆಗಿ ಹೋಗ್ತಿದ್ರೆ ಪರವಾಗಿಲ್ಲ ಅನ್ನೋರಿಗೆ ಇನ್ನೊಂದು ಲೆಕ್ಕ, 30ರ ಸ್ಪೀಡಲ್ಲಿ ಎರಡೇ ಸೆಕೆಂಡ್ ಕೆಳಗೆ ನೋಡಿದ್ರೂ 16 ಮೀಟರ್ ದಾಟಿರ್ತೀರ, ರಸ್ತೆಗೆ ಚೆಂಡು ಉರುಳಿ ಬಂದು ಅದರ ಹಿಂದೆ ಮಗು ಓಡಿ ಬರೋಕೆ ಅಷ್ಟು ಹೊತ್ತು ಸಾಕು.

ಮೆಸೇಜ್ ಯಾಕೆ ಬೇರೆಲ್ಲದಕ್ಕಿಂತ ಕೆಟ್ಟದ್ದು ಅಂದ್ರೆ ಅದು ಕಣ್ಣು, ಕೈ, ಮನಸ್ಸು ಮೂರನ್ನೂ ಒಟ್ಟಿಗೆ ಎಳ್ಕೊಳತ್ತೆ. ಎಫ್‌ಎಂ ಸ್ಟೇಷನ್ ಬದಲಾಯಿಸೋಕೆ ಕೈ ಸಾಕು, ಪಕ್ಕದವರ ಜೊತೆ ಮಾತಾಡೋಕೆ ಮನಸ್ಸು ಸಾಕು, ಅದೂ ಅಲ್ಲದೆ ಪಕ್ಕದಲ್ಲಿ ಕೂತೋರಿಗೆ ರಸ್ತೆ ಕಾಣ್ತಿರತ್ತೆ, ಟ್ರಾಫಿಕ್ ಬಿಗಿಯಾದಾಗ ತಾವಾಗೇ ಸುಮ್ಮನಾಗ್ತಾರೆ. ಫೋನಿನ ಆ ಕಡೆ ಇರೋರಿಗೆ ಅದ್ಯಾವುದೂ ಕಾಣಲ್ಲ.

ಹೊರಡೋ ಮುಂಚಿನ ಒಂದು ನಿಮಿಷ

ಇಡೀ ವಿಷಯ ಇರೋದು ಇಲ್ಲೇ. ಗಾಡಿ ಓಡ್ತಿರುವಾಗ ‘ಈಗ ನೋಡ್ಲಾ ಬೇಡ್ವಾ’ ಅಂತ ತೀರ್ಮಾನ ಮಾಡೋ ಪರಿಸ್ಥಿತಿನೇ ಬರಬಾರ್ದು, ಆ ಪರಿಸ್ಥಿತಿ ಬಂದ್ರೆ ಹತ್ತರಲ್ಲಿ ಒಂಬತ್ತು ಸಲ ಗೆದ್ದರೂ ಹತ್ತನೇದ್ರಲ್ಲಿ ಸೋಲ್ತೀವಿ. ಸೀಟಲ್ಲಿ ಕೂತು ಬೆಲ್ಟ್ ಹಾಕಿದ ಮೇಲೆ, ಕೀ ತಿರುಗಿಸೋ ಮುಂಚೆ ಇಷ್ಟು ಮಾಡಿ. ಮ್ಯಾಪ್‌ನಲ್ಲಿ ಹೋಗೋ ಜಾಗ ಹಾಕಿ, ಹಾಡು ಬೇಕಿದ್ರೆ ಹಾಕಿ, ಕಾಯ್ತಿರೋರಿಗೆ ‘ಹೊರಟೆ, ಸುಮಾರು ಇಷ್ಟೊತ್ತಿಗೆ ತಲುಪ್ತೀನಿ, ಅಲ್ಲೀವರೆಗೆ ಫೋನ್ ನೋಡಲ್ಲ’ ಅಂತ ಒಂದು ಮೆಸೇಜ್ ಕಳಿಸಿ. ಆ ಕೊನೇ ಮಾತು ಬಿಡಬೇಡಿ, ಅದನ್ನ ಹೇಳದೇ ಇದ್ರೆ ಅರ್ಧ ಗಂಟೆಗೆ ‘ಎಲ್ಲಿದೀರಾ?’ ಬಂದೇ ಬರತ್ತೆ. ದೂರದ ದಾರಿ ಆದ್ರೆ ಲೈವ್ ಲೊಕೇಶನ್ ಕಳಿಸಿಬಿಡಿ, ವಾಟ್ಸಾಪಲ್ಲೂ ಗೂಗಲ್ ಮ್ಯಾಪಲ್ಲೂ ಇದೆ, ವಾಟ್ಸಾಪಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಆಯ್ಕೆ ಮಾಡ್ಕೋಬಹುದು. ಮನೆಯವರು ಕೇಳೋ ಪ್ರಶ್ನೆಗೆ ಉತ್ತರ ಅಲ್ಲೇ ನಕ್ಷೆ ಮೇಲೆ ಚಲಿಸ್ತಿದ್ರೆ ಅವರಿಗೆ ಕೇಳೋ ಕಾರಣನೇ ಇರಲ್ಲ.

ಆಮೇಲೆ ಫೋನ್ ಕೈಗೆ ಸಿಗದ ಜಾಗದಲ್ಲಿ ಇಡಿ. ಉಲ್ಟಾ ಮಲಗಿಸಿ ಪಕ್ಕದ ಸೀಟಲ್ಲಿ ಇಡೋದು ಸಾಲಲ್ಲ, ನಾನು ಕಂಡ ಹಾಗೆ ಕೈ ಅಲ್ಲಿಗೆ ತಾನಾಗೇ ಹೋಗತ್ತೆ. ಹಿಂದಿನ ಸೀಟಿನ ಬ್ಯಾಗಲ್ಲಿ, ಜಿಪ್ ಹಾಕಿ ಇಟ್ರೆ ಬೆಸ್ಟು, ತೆಗೀಬೇಕು ಅಂದ್ರೆ ಗಾಡಿ ನಿಲ್ಲಿಸಲೇಬೇಕು. ಮ್ಯಾಪ್ ಬೇಕಾದೋರು ಗಟ್ಟಿ ಹೋಲ್ಡರ್‌ನಲ್ಲಿ, ರಸ್ತೆ ಕಾಣೋದಕ್ಕೆ ಅಡ್ಡ ಆಗದ ಹಾಗೆ ಹಾಕಿ, ದಾರಿ ಹೇಳೋ ದನಿ ಆನ್ ಮಾಡಿ, ಆದ್ರೆ ಮ್ಯಾಪ್ ನಡೀತಿರುವಾಗ ಮೇಲಿಂದ ಜಾರಿ ಬರೋ ಮೆಸೇಜ್ ಪಟ್ಟಿ ಇದೆಯಲ್ಲ, ಅದು ದೊಡ್ಡ ಬಲೆ, ಅದನ್ನ ಬಂದ್ ಮಾಡದೆ ಹೋಲ್ಡರ್‌ಗೆ ಹಾಕೋದು ಅಂದ್ರೆ ಮೆಸೇಜನ್ನ ಕಣ್ಣೆದುರಿಗೇ ತಂದಿಟ್ಟ ಹಾಗೆ. ಬಂದ್ ಮಾಡೋದು ಹೇಗೆ ಅಂತ ಮುಂದೆ ಹೇಳ್ತೀನಿ.

ಟೂವೀಲರ್‌ನವರಿಗೆ ಒಂದು ಮಾತು. ಹೆಲ್ಮೆಟ್ ಒಳಗೆ ಕಿವಿ ಹತ್ರ ಫೋನ್ ತುರುಕೋದು, ಒಂದು ಕೈಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈಲಿ ಟೈಪ್ ಮಾಡೋದು ಇವೆರಡನ್ನೂ ದಿನಾ ನೋಡ್ತೀವಿ. ಕಾರಿನವರಿಗೆ ಸುತ್ತ ತಗಡಾದ್ರೂ ಇದೆ, ನಿಮಗೆ ಅದೂ ಇಲ್ಲ, ಸಣ್ಣ ಗುಂಡಿ ಬಂದ್ರೆ ಒಂದೇ ಕೈಲಿ ಬ್ಯಾಲೆನ್ಸ್ ಸಿಗಲ್ಲ. ಪ್ಯಾಂಟ್ ಜೇಬಲ್ಲಿ ವೈಬ್ರೇಟ್ ಆದ್ರೂ ಗಮನ ಹೋಗತ್ತೆ, ಅದಕ್ಕೆ ಸೀಟ್ ಕೆಳಗಿನ ಡಬ್ಬಿಯಲ್ಲಿ ಹಾಕಿ ಲಾಕ್ ಮಾಡಿ.

ಫೋನಲ್ಲೇ ಇರೋ ಬೀಗ

ಇದಕ್ಕೆ ಹೊಸ ಆ್ಯಪ್ ಏನೂ ಬೇಡ, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ ಅನ್ನೋದು ನನಗೆ ಬೇಜಾರು. ಐಫೋನಲ್ಲಿ 2017ರಿಂದಲೇ ಇದೆ, ಈಗ ಸೆಟ್ಟಿಂಗ್ಸ್ ಒಳಗೆ ಫೋಕಸ್ ಅಂತ ಇರತ್ತೆ, ಅದರಲ್ಲಿ ‘ಡ್ರೈವಿಂಗ್’ ಇಲ್ಲದಿದ್ರೆ ಪ್ಲಸ್ ಒತ್ತಿ ಸೇರಿಸಿ. ಯಾವಾಗ ಆನ್ ಆಗಬೇಕು ಅಂತ ಕೇಳತ್ತೆ, ಅಲ್ಲಿ ಕಾರಿನ ಬ್ಲೂಟೂತ್‌ಗೆ ಕನೆಕ್ಟ್ ಆದಾಗ ಅನ್ನೋದನ್ನೋ ಅಥವಾ ಆಟೋಮ್ಯಾಟಿಕ್ ಅನ್ನೋದನ್ನೋ ಆರಿಸಿ. ಮ್ಯಾನ್ಯುಯಲ್ ಅಂತಲೂ ಇದೆ, ಅದನ್ನ ಆರಿಸಬೇಡಿ, ನಾಲ್ಕು ದಿನ ಆನ್ ಮಾಡ್ತೀರ, ಐದನೇ ದಿನ ಮರೀತೀರ. ಆಟೋಮ್ಯಾಟಿಕ್‌ನಲ್ಲಿ ಒಂದು ತೊಂದರೆ ಅಂದ್ರೆ ಬಸ್ಸಲ್ಲಿ ಕೂತಾಗಲೂ ಆನ್ ಆಗಬಹುದು, ಆಗ ‘ನಾನು ಓಡಿಸ್ತಿಲ್ಲ’ ಅನ್ನೋದನ್ನ ಒತ್ತಿದ್ರೆ ಮುಗೀತು. ಅಲ್ಲೇ ಕೆಳಗೆ ಆಟೋ ರಿಪ್ಲೈ ಇದೆ, ಯಾರಿಗೆ ಹೋಗಬೇಕು ಅಂತ ಆರಿಸಬಹುದು, ಬೇಕಾದ ವಾಕ್ಯನ ನೀವೇ ಬರೆದಿಡಬಹುದು, ನಾವು ಕನ್ನಡದಲ್ಲೇ ‘ಗಾಡಿ ಓಡಿಸ್ತಿದೀನಿ, ತಲುಪಿದ ಮೇಲೆ ನೋಡ್ತೀನಿ’ ಅಂತ ಹಾಕಿದೀವಿ. ಒಂದು ಗಮನದಲ್ಲಿರಲಿ, ಈ ಉತ್ತರ ಹೋಗೋದು ಫೋನಿನ ಮಾಮೂಲಿ ಮೆಸೇಜಿಗೆ, ವಾಟ್ಸಾಪ್‌ಗೆ ಹೋಗಲ್ಲ, ಅದಕ್ಕೇ ಹೊರಡೋ ಮುಂಚೆ ಹೇಳಿಬಿಡೋದು ಮುಖ್ಯ ಅಂದಿದ್ದು.

ಆಂಡ್ರಾಯ್ಡ್‌ನಲ್ಲಿ ಒಂದೊಂದು ಕಂಪನಿ ಒಂದೊಂದು ಕಡೆ ಇಟ್ಟಿದೆ. ಸುಲಭ ದಾರಿ ಅಂದ್ರೆ ಸೆಟ್ಟಿಂಗ್ಸ್ ತೆರೆದು ಮೇಲಿರೋ ಹುಡುಕೋ ಜಾಗದಲ್ಲಿ ‘ಡ್ರೈವಿಂಗ್’ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ನೋಡಿ. ಸ್ಯಾಮ್ಸಂಗ್‌ನಲ್ಲಿ ‘ಮೋಡ್ಸ್ ಅಂಡ್ ರೊಟೀನ್ಸ್’ ಒಳಗೆ ಡ್ರೈವಿಂಗ್ ಇದೆ, ಕಾರಿನ ಬ್ಲೂಟೂತ್ ಸಿಕ್ಕ ತಕ್ಷಣ ಆನ್ ಆಗೋ ಹಾಗೆ ಮಾಡಬಹುದು. ಏನೂ ಸಿಗಲಿಲ್ಲ ಅಂದ್ರೆ ‘ಡು ನಾಟ್ ಡಿಸ್ಟರ್ಬ್’ ಎಲ್ಲಾ ಫೋನಲ್ಲೂ ಇದ್ದೇ ಇದೆ, ಅದರ ಸೆಟ್ಟಿಂಗ್ ಒಳಗೆ ಹೋಗಿ ಶಬ್ದ ಮಾತ್ರ ಅಲ್ಲ, ಸ್ಕ್ರೀನ್ ಮೇಲೆ ನೋಟಿಫಿಕೇಶನ್ ಕಾಣೋದನ್ನೂ ನಿಲ್ಲಿಸಿ. ಸೈಲೆಂಟ್ ಮಾಡಿದ್ರೆ ಸಾಕು ಅಂದ್ಕೋಬೇಡಿ, ಶಬ್ದ ಇಲ್ಲದೆ ಸ್ಕ್ರೀನ್ ಬೆಳಗಿದ್ರೂ ಕಣ್ಣು ಅತ್ತ ಹೊರಳತ್ತೆ.

ತುರ್ತು ಕರೆ ಬಂದ್ರೆ ಏನ್ ಗತಿ ಅಂತ ಎಲ್ಲರೂ ಕೇಳ್ತಾರೆ, ನ್ಯಾಯವಾದ ಪ್ರಶ್ನೆನೇ. ಈ ಎಲ್ಲಾ ಮೋಡ್‌ಗಳಲ್ಲೂ ಕೆಲವು ನಂಬರ್‌ಗಳ ಕಾಲ್ ಮಾತ್ರ ಬರಲಿ ಅಂತ ಇಡಬಹುದು, ಒಬ್ಬರೇ ಮತ್ತೆ ಮತ್ತೆ ಕಾಲ್ ಮಾಡಿದ್ರೆ ಒಳಗೆ ಬಿಡು ಅನ್ನೋದೂ ಸಾಮಾನ್ಯವಾಗಿ ಇರತ್ತೆ. ನಮ್ಮನೇಲಿ ಮಾಡ್ಕೊಂಡಿರೋ ಒಪ್ಪಂದ ಇದು, ತುರ್ತಾದ್ರೆ ಮೆಸೇಜ್ ಅಲ್ಲ ಕಾಲ್, ಒಂದರ ಹಿಂದೆ ಒಂದು ಎರಡು ಸಲ. ಕಾಲ್ ಬಂತು ಅಂದ್ರೆ ಸೈಡಿಗೆ ಹಾಕಿ ನಿಲ್ಲಿಸಿ ತೆಗೀಬೇಕು. ಹೀಗಾದ್ರೆ ಮೆಸೇಜ್ ಅನ್ನೋದು ಯಾವತ್ತೂ ತುರ್ತು ಆಗಿರಲ್ಲ, ಇದು ಮನಸ್ಸಿಗೆ ಕೂತ ಮೇಲೆ ಅಣ್ಣನಿಗೆ ನಿಜವಾಗ್ಲೂ ಹಗುರಾಯ್ತಂತೆ.

ಹಾಂ, ಕೈಗೆ ಸ್ಮಾರ್ಟ್ ವಾಚ್ ಕಟ್ಟೋರು ಅದರ ಶಬ್ದ, ವೈಬ್ರೇಶನ್ ಎರಡನ್ನೂ ಬಂದ್ ಮಾಡಿ. ಫೋನ್ ಬ್ಯಾಗಲ್ಲಿದ್ರೂ ಮಣಿಕಟ್ಟು ಗುರ್ ಅಂದ್ರೆ ಸ್ಟೇರಿಂಗ್ ಮೇಲಿರೋ ಕೈಯನ್ನೇ ತಿರುಗಿಸಿ ನೋಡ್ತೀವಿ, ಅದು ಇನ್ನೂ ಅಪಾಯ.

ಬಾಯಲ್ಲಿ ಹೇಳಿ ಟೈಪ್ ಮಾಡಿಸಿದ್ರೆ?

ಕೈ ಖಾಲಿ ಇರತ್ತೆ, ಸರಿ. ಆದ್ರೆ ಮನಸ್ಸು ಖಾಲಿ ಇರಲ್ಲ. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ಸಾರಿಗೆ ಸಂಶೋಧನಾ ಸಂಸ್ಥೆ 2013ರಲ್ಲಿ ಕೈಯಲ್ಲಿ ಟೈಪ್ ಮಾಡೋರನ್ನೂ ಬಾಯಲ್ಲಿ ಹೇಳಿ ಬರೆಸೋರನ್ನೂ ಹೋಲಿಸಿ ನೋಡ್ತು, ಎರಡರಲ್ಲೂ ಡ್ರೈವರ್ ಪ್ರತಿಕ್ರಿಯೆ ಕೊಡೋಕೆ ಮಾಮೂಲಿಗಿಂತ ಸುಮಾರು ಎರಡರಷ್ಟು ಟೈಮ್ ತಗೊಂಡ್ರು. ಫೋನ್ ಹೇಳಿದ್ದನ್ನ ತಪ್ಪಾಗಿ ಬರ್ಕೊಳತ್ತೆ, ಅದು ಸರಿ ಬಂತಾ ಅಂತ ಕಣ್ಣು ಸ್ಕ್ರೀನಿಗೇ ಹೋಗತ್ತೆ. ಅಮೆರಿಕದಲ್ಲೇ ರಸ್ತೆ ಸುರಕ್ಷತೆಗೆ ಕೆಲಸ ಮಾಡೋ ಎಎಎ ಫೌಂಡೇಶನ್‌ಗೋಸ್ಕರ ಉಟಾ ವಿಶ್ವವಿದ್ಯಾಲಯದವರು ಮಾಡಿದ ಅಧ್ಯಯನ 2015ರಲ್ಲಿ ಬಂತು, ದನಿಯಲ್ಲಿ ಆದೇಶ ಕೊಟ್ಟು ಮುಗಿದ ಮೇಲೂ ಕೆಲವು ಸಿಸ್ಟಮ್‌ಗಳಲ್ಲಿ 27 ಸೆಕೆಂಡ್‌ವರೆಗೂ ಗಮನ ಪೂರ್ತಿ ರಸ್ತೆಗೆ ವಾಪಸ್ ಬಂದಿರಲ್ಲ ಅಂತ ಅದರಲ್ಲಿದೆ. ನನ್ನ ಅಭಿಪ್ರಾಯ ಇಷ್ಟೇ, ದಾರಿ ಬದಲಾಯಿಸೋಕೆ, ಯಾರಿಗೋ ಒಂದು ಕಾಲ್ ಹಾಕೋಕೆ ದನಿ ಬಳಸಿ, ಮೆಸೇಜ್ ಬರೆಸೋಕೆ ಬೇಡ.

ಸಿಗ್ನಲ್‌ನಲ್ಲಿ ನಿಂತಾಗ ನೋಡಿದ್ರೆ ಏನು ಅಂತ ಕೇಳೋರಿಗೂ ಆ 27 ಸೆಕೆಂಡಿನ ಲೆಕ್ಕದಲ್ಲೇ ಸುಳಿವಿದೆ. ಹಸಿರು ಬರತ್ತೆ, ಹಿಂದಿನವರು ಹಾರ್ನ್ ಹೊಡೀತಾರೆ, ಗಾಬರಿಯಲ್ಲಿ ತಲೆ ಎತ್ತಿ ಎಡಬಲ ನೋಡದೆ ಗಾಡಿ ಎಳೀತೀವಿ, ಇನ್ನೂ ರಸ್ತೆ ದಾಟ್ತಿರೋ ವಯಸ್ಸಾದವರು ಬಾನೆಟ್ ಮುಂದೆನೇ ಇರ್ತಾರೆ. ಬ್ರಿಟನ್‌ನಲ್ಲಿ 2022ರ ಮಾರ್ಚಲ್ಲಿ ಕಾನೂನು ಬಿಗಿ ಮಾಡಿದ್ರು, ಫೋನ್ ಕೈಲಿ ಹಿಡಿದು ಸುಮ್ಮನೆ ಹಾಡು ಹುಡುಕಿದ್ರೂ ಫೋಟೋ ತೆಗೆದ್ರೂ ತಪ್ಪು, ಸಿಗ್ನಲ್‌ನಲ್ಲಿ ನಿಂತಿದ್ರೂ ತಪ್ಪೇ. ನೋಡಲೇಬೇಕು ಅನಿಸಿದ್ರೆ ಇಂಡಿಕೇಟರ್ ಹಾಕಿ, ಜಾಗ ಇರೋ ಕಡೆ ಪೂರ್ತಿ ಸೈಡಿಗೆ ಬಂದು, ಹ್ಯಾಂಡ್ ಬ್ರೇಕ್ ಎಳೆದು ಓದಿ. ಹೈವೇ ಅಂಚಲ್ಲಿ ಮಾತ್ರ ಹೀಗೆ ನಿಲ್ಲಿಸಬೇಡಿ, ಹಿಂದಿಂದ ಬರೋರು ಗುದ್ದೋ ಅಪಾಯ ಇದೆ, ಮುಂದಿನ ಪೆಟ್ರೋಲ್ ಬಂಕ್‌ವರೆಗೆ ತಡ್ಕೊಳಿ.

ಪಕ್ಕದಲ್ಲಿ ಕೂತೋರು

ಪಕ್ಕದ ಸೀಟಲ್ಲಿ ಯಾರಾದ್ರೂ ಇದ್ರೆ ಫೋನ್ ಅವರ ಕೈಗೆ, ಲಾಕ್ ತೆಗೆದೇ ಕೊಡಿ. ಮೆಸೇಜ್ ಓದಿ ಹೇಳೋದು, ಉತ್ತರ ಬರೆಯೋದು, ದಾರಿ ನೋಡೋದು ಎಲ್ಲಾ ಅವರದ್ದು. ನಾನು ಅವತ್ತು ಅಣ್ಣನ ಪಕ್ಕದಲ್ಲೇ ಕೂತಿದ್ದೆ, ಫೋನ್ ಟಣ್ ಅಂದಾಗ ನಾನೇ ಎತ್ಕೋಬಹುದಿತ್ತು, ಎತ್ಕೊಳ್ಳಲಿಲ್ಲ, ಕಿಟಕಿ ಆಚೆ ನೋಡ್ತಾ ಕೂತಿದ್ದೆ. ಅದು ಇವತ್ತಿಗೂ ನನ್ನನ್ನ ಕೊರೆಯತ್ತೆ.

ಬೇರೆಯವರ ಗಾಡೀಲಿ ಇದ್ದಾಗ ಹೇಳೋದು ಕಷ್ಟ, ಅದರಲ್ಲೂ ಬಾಡಿಗೆ ಗಾಡಿ ಡ್ರೈವರಿಗೆ, ಹೇಳಿದ್ರೆ ಏನಂದ್ಕೊಳ್ತಾರೋ ಅಂತ ಸುಮ್ಮನೆ ಹಿಡಿ ಗಟ್ಟಿಯಾಗಿ ಹಿಡ್ಕೊಂಡು ಕೂರ್ತೀವಿ. ತಪ್ಪು ತೋರಿಸೋ ಹಾಗೆ ‘ಫೋನ್ ಯಾಕ್ರೀ ನೋಡ್ತೀರಾ’ ಅಂದ್ರೆ ಅವರಿಗೆ ಸಿಟ್ಟು ಬರೋದು ಸಹಜ. ನನಗೆ ಕೆಲಸ ಮಾಡಿರೋ ಮಾತು ಇದು, ‘ಅಣ್ಣಾ, ಸೈಡಿಗೆ ಹಾಕಿ ಆರಾಮಾಗಿ ಮೆಸೇಜ್ ಮಾಡ್ಕೊಳಿ, ನನಗೇನೂ ಅರ್ಜೆಂಟಿಲ್ಲ.’ ಇದನ್ನ ಹೇಳಿದ್ರೆ ಸುಮಾರು ಜನ ‘ಇಲ್ಲ ಬಿಡಿ’ ಅಂತ ಫೋನ್ ಕೆಳಗೆ ಇಟ್ಟುಬಿಡ್ತಾರೆ, ಕೆಲವರು ನಿಜವಾಗ್ಲೂ ನಿಲ್ಲಿಸಿ ಮುಗಿಸ್ಕೊಳ್ತಾರೆ, ಎರಡೂ ಒಳ್ಳೇದೇ. ಆಮೇಲೂ ಮತ್ತೆ ಮತ್ತೆ ನೋಡ್ತಿದ್ರೆ ಇಳಿದುಬಿಡಿ, ನಾಚಿಕೆ ಪಡಬೇಡಿ.

ಈ ಡ್ರೈವರುಗಳ ಕಷ್ಟನೂ ಬೇರೆ ಇದೆ. ಅವರ ಹೊಟ್ಟೆಪಾಡೇ ಆ ಫೋನಲ್ಲಿ, ಮುಂದಿನ ಟ್ರಿಪ್ಪು, ಡೆಲಿವರಿ ಅಡ್ರೆಸ್ಸು, ‘ಎಷ್ಟೊತ್ತು’ ಅನ್ನೋ ಗ್ರಾಹಕರು ಎಲ್ಲಾ ಅದರಲ್ಲೇ. ನಾವು ಗ್ರಾಹಕರಾಗಿ ಮಾಡಬಹುದಾದ್ದು ಅಂದ್ರೆ ಗುರುತು, ಗೇಟು, ಮಹಡಿ ಎಲ್ಲಾ ಬುಕ್ ಮಾಡೋವಾಗಲೇ ಬರೆದುಬಿಡೋದು, ಗಾಡಿ ಹೊರಟ ಮೇಲೆ ಮ್ಯಾಪಲ್ಲಿ ನೋಡ್ತಾ ಸುಮ್ಮನಿರೋದು. ಇನ್ನು ಡ್ರೈವರುಗಳನ್ನ ಇಟ್ಕೊಂಡಿರೋ ಮಾಲೀಕರು, ಆಫೀಸಿನ ಟ್ರಾನ್ಸ್‌ಪೋರ್ಟ್ ನೋಡ್ಕೊಳ್ಳೋರು ಇದನ್ನ ಓದ್ತಿದ್ರೆ ಒಂದು ಕೇಳ್ಕೊಳ್ತೀನಿ, ಗೋಡೆ ಮೇಲೆ ‘ಫೋನ್ ಬಳಸಬೇಡಿ’ ಅಂತ ನಿಯಮ ಅಂಟಿಸಿ ಅದೇ ಡ್ರೈವರ್ ಎರಡು ನಿಮಿಷದಲ್ಲಿ ಉತ್ತರ ಕೊಡ್ಲಿಲ್ಲ ಅಂತ ಬೈದ್ರೆ ಅವನು ಯಾವ ಮಾತು ಕೇಳಬೇಕು? ಟ್ರಿಪ್ ಮಧ್ಯೆ ಮೆಸೇಜ್ ಕಳಿಸೋದಿಲ್ಲ, ಕಾಲ್ ಮಾಡಿದ್ರೆ ಮೊದಲು ‘ಗಾಡಿ ನಿಲ್ಸಿದೀಯಾ?’ ಅಂತ ಕೇಳಿ ಆಮೇಲೆ ವಿಷಯ ಹೇಳ್ತೀವಿ, ತಡವಾಗಿ ಉತ್ತರ ಕೊಟ್ರೆ ಸಂಬಳ ಹಿಡಿಯೋದಿಲ್ಲ, ಇಷ್ಟನ್ನ ಮಾಲೀಕರೇ ಬಾಯಿಬಿಟ್ಟು ಹೇಳಬೇಕು.

ಹೊಸದಾಗಿ ಓಡಿಸೋ ಮಕ್ಕಳು

ಮಕ್ಕಳು ಕಲಿಯೋದು ಡ್ರೈವಿಂಗ್ ಸ್ಕೂಲ್‌ನಲ್ಲಿ ಅಲ್ಲ, ಅದಕ್ಕೂ ಹತ್ತು ವರ್ಷ ಮುಂಚೆ ಹಿಂದಿನ ಸೀಟಲ್ಲಿ ಕೂತ್ಕೊಂಡು. ಅಪ್ಪ ಅಮ್ಮ ಫೋನ್ ನೋಡ್ತಾ ಓಡಿಸ್ತಿದ್ರೆ ಆಮೇಲೆ ಯಾವ ಭಾಷಣನೂ ನಾಟಲ್ಲ. ಅದಕ್ಕೆ ಚಿಕ್ಕ ಮಕ್ಕಳಿಗೇ ಒಂದು ಅಧಿಕಾರ ಕೊಡಿ, ಗಾಡಿ ಓಡ್ತಿರುವಾಗ ಯಾರು ಫೋನ್ ಮುಟ್ಟಿದ್ರೂ ಜೋರಾಗಿ ಹೇಳೋ ಕೆಲಸ ನಿಂದು ಅಂತ. ಅಣ್ಣನ ಮಗಳು ಈಗ ಅದನ್ನ ಎಷ್ಟು ನಿಷ್ಠೆಯಿಂದ ಮಾಡ್ತಾಳೆ ಅಂದ್ರೆ ಅವನು ಕನ್ನಡಕ ತೆಗೆಯೋಕೆ ಕೈ ಚಾಚಿದ್ರೂ ‘ಅಪ್ಪಾ, ಫೋನಾ?’ ಅಂತ ಕೇಳ್ತಾಳೆ.

ಲೈಸೆನ್ಸ್ ಬಂದ ಮಕ್ಕಳ ಹತ್ರ ಕೀ ಕೊಡೋ ದಿನವೇ ಮಾತಾಡಿ. ಐಫೋನಲ್ಲಿ ಸ್ಕ್ರೀನ್ ಟೈಮ್ ನಿರ್ಬಂಧಗಳ ಒಳಗೆ ಡ್ರೈವಿಂಗ್ ಫೋಕಸ್ ಬದಲಾಯಿಸೋಕೆ ಆಗದ ಹಾಗೆ ಪಾಸ್‌ಕೋಡ್ ಹಾಕಿಡಬಹುದು. ಆದ್ರೆ ಕದ್ದು ಮಾಡಬೇಡಿ, ಗೊತ್ತಾದ್ರೆ ನಂಬಿಕೆ ಹೋಗತ್ತೆ, ಮುಂದೆ ಕೂರಿಸ್ಕೊಂಡೇ ಹಾಕಿ, ಯಾಕೆ ಅಂತ ಹೇಳಿ. ಜೊತೆಗೆ ನಾವು ಕೊಡಬೇಕಾದ ಮಾತೂ ಇದೆ, ‘ನೀನು ಗಾಡೀಲಿದ್ದಾಗ ನಾನು ಮೆಸೇಜ್ ಮಾಡಲ್ಲ, ನೀನು ಉತ್ತರ ಕೊಡ್ಲಿಲ್ಲ ಅಂತ ಬೈಯಲ್ಲ.’ ಈ ವಯಸ್ಸಲ್ಲಿ ಅಮ್ಮನ ಮೆಸೇಜಿಗೆ ತಕ್ಷಣ ಉತ್ತರ ಕೊಡದಿದ್ರೆ ಬೈಗುಳ ಗ್ಯಾರಂಟಿ ಅನ್ನೋ ಭಯಕ್ಕೇ ಎಷ್ಟೋ ಮಕ್ಕಳು ಗಾಡಿ ಮೇಲೆ ಟೈಪ್ ಮಾಡ್ತಾರೆ.

ಇನ್ನು ಮೆಸೇಜ್ ಕಳಿಸೋರ ಪಾಲು. ಆ ಕಡೆಯವರು ಗಾಡೀಲಿದಾರೆ ಅಂತ ಗೊತ್ತಿದ್ರೆ ಕಳಿಸಬೇಡಿ, ಬರೆದಿಟ್ಕೊಂಡು ಆಮೇಲೆ ಕಳಿಸಿ. ಗೊತ್ತಿಲ್ಲದೆ ಕಳಿಸಿ ಅವರು ‘ಡ್ರೈವಿಂಗ್’ ಅಂತ ಉತ್ತರ ಕೊಟ್ರೆ ಅಲ್ಲಿಗೇ ನಿಲ್ಲಿಸಿ, ‘ಸರಿ, ಹುಷಾರು’ ಅಂತ ಕೂಡ ಬೇಡ, ಅದಕ್ಕೂ ಟಣ್ ಅನ್ನತ್ತೆ. ಮಾತಾಡ್ತಾ ‘ಗಾಡಿ ಓಡಿಸ್ತಿದೀನಿ’ ಅಂದ್ರೆ ನೀವೇ ಮೊದಲು ಕಾಲ್ ಕಟ್ ಮಾಡಿ, ಅವರು ಮುಲಾಜಿಗೆ ಇಡಲ್ಲ. ಅತ್ತಿಗೆಗೆ ಇದನ್ನ ಹೇಳೋವಾಗ ನನಗೆ ಹಿಂಜರಿಕೆ ಇತ್ತು, ಆ ಲಾರಿ ವಿಷಯ ಗೊತ್ತಾಗಿ ಅವರು ಆಗಲೇ ನೊಂದುಕೊಂಡಿದ್ರು. ಆದ್ರೆ ಮನೆಯ ಗ್ರೂಪಲ್ಲಿ ಮೊದಲು ಹಾಕಿದ್ದೂ ಅವರೇ, ಅದನ್ನೇ ಕೆಳಗೆ ಕೊಟ್ಟಿದೀನಿ, ಬೇಕಿದ್ರೆ ಹಾಗೇ ತಗೊಂಡು ನಿಮ್ಮನೆ ಗ್ರೂಪಲ್ಲಿ ಹಾಕಿ:

‘ಇವತ್ತಿಂದ ಯಾರೇ ಗಾಡಿ ತೆಗೆದ್ರೂ ಹೊರಡೋ ಮುಂಚೆ ಹೊರಟೆ ಅಂತ ಹಾಕಿ, ತಲುಪಿದ ಮೇಲೆ ತಲುಪಿದೆ ಅಂತ ಹಾಕಿ. ಮಧ್ಯೆ ನಾವ್ಯಾರೂ ಮೆಸೇಜ್ ಮಾಡಲ್ಲ. ಅರ್ಜೆಂಟಾದ್ರೆ ಎರಡು ಸಲ ಕಾಲ್ ಮಾಡ್ತೀವಿ, ಗಾಡಿ ನಿಲ್ಸಿ ತೆಗೀರಿ. ಲೇಟಾದ್ರೆ ಯಾರೂ ಬೈಯಲ್ಲ.’